ಮೋಡ ಮುಂದಕ್ಕೆ ಓಡುತ್ತಿದೆ, ಫ್ಯಾನು ಹಿಂದಕ್ಕೆ ತಿರುಗುತ್ತಿದೆ! ಟೈಮ್‌ಲ್ಯಾಪ್ಸ್ ಗೊತ್ತಿರುವವರು ಸ್ವಲ್ಪ ಹೇಳಿ

ದುರ್ಗದ_ಗಾಳಿ | ಭಾನುವಾರ, ರಾತ್ರಿ 9:40
ನಮಸ್ಕಾರ ಎಲ್ಲರಿಗೂ. ನಾನು ಚಿತ್ರದುರ್ಗದವನು. ಕ್ಯಾನನ್ 1500ಡಿ ಕ್ಯಾಮೆರಾ, ಡಬ್ಬಿಯಲ್ಲೇ ಬಂದ 18-55 ಲೆನ್ಸ್, ಒಂದು ಟ್ರೈಪಾಡ್. ಇಷ್ಟೇ ನನ್ನ ಆಸ್ತಿ. ಆಷಾಢದ ಗಾಳಿ ಶುರುವಾಗಿದೆ. ಮಳೆಯೆಲ್ಲ ಮಲೆನಾಡಿನಲ್ಲೇ ಖಾಲಿಯಾಗಿ ನಮ್ಮ ಕಡೆಗೆ ಬರೀ ಮೋಡ ಬರುತ್ತವೆ, ಅದೂ ಕುರಿ ಹಿಂಡು ಅಟ್ಟಿದ ಹಾಗೆ ಓಡುತ್ತಾ. ಇದನ್ನೇ ಟೈಮ್‌ಲ್ಯಾಪ್ಸ್ (ಬಿಟ್ಟು ಬಿಟ್ಟು ಫೋಟೋ ತೆಗೆದು ವೇಗವಾಗಿ ಓಡಿಸುವ ವಿಡಿಯೋ) ಮಾಡೋಣ ಅಂತ ಇವತ್ತು ಮಧ್ಯಾಹ್ನ ಮಾವನ ಹೊಲದಲ್ಲಿ ಟ್ರೈಪಾಡ್ ನಿಲ್ಲಿಸಿದೆ. ಎದುರಿಗೆ ಗುಡ್ಡದ ಸಾಲು, ಅದರ ಮೇಲೆ ಕರೆಂಟು ತಯಾರಿಸುವ ಗಾಳಿ ಫ್ಯಾನುಗಳು.

ಎವಿ ಮೋಡ್ (ಲೆನ್ಸಿನ ತೂತು ನಾವು ಇಡುವುದು, ಶಟರ್ ವೇಗ ಕ್ಯಾಮೆರಾದ್ದು), ಎಫ್/11 (ತೂತಿನ ಅಳತೆ, ಅಂಕಿ ದೊಡ್ಡದಾದಷ್ಟೂ ತೂತು ಚಿಕ್ಕದು), ಐಎಸ್‌ಒ (ಬೆಳಕಿಗೆ ಸೂಕ್ಷ್ಮತೆ) ಆಟೋ, ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಆಟೋ, ಫೋಕಸ್ ಆಟೋ. ಈ ಕ್ಯಾಮೆರಾದಲ್ಲಿ ಇಷ್ಟಿಷ್ಟು ಸೆಕೆಂಡಿಗೆ ತಾನೇ ಕ್ಲಿಕ್ ಮಾಡುವ ಇಂಟರ್ವಲ್ ಟೈಮರ್ ಇಲ್ಲ. ಅದಕ್ಕೆ ವೈರಿನ ಇಂಟರ್ವಲೋಮೀಟರ್ ತರಿಸಿ ಚುಚ್ಚಿದೆ. 4 ಸೆಕೆಂಡಿಗೆ ಒಂದು ಫೋಟೋ, ಕಾಲು ಗಂಟೆಗೆ 225 ಫೋಟೋ. ಮನೆಗೆ ಬಂದು ಜೋಡಿಸಿದರೆ 9 ಸೆಕೆಂಡಿನ ವಿಡಿಯೋ.

ತೊಂದರೆ ಮೂರು. ವಿಡಿಯೋ ಪೂರ್ತಿ ದೀಪಾವಳಿ ಸೀರಿಯಲ್ ಸೆಟ್ ತರಹ ಮಿಣಮಿಣ ಅನ್ನುತ್ತದೆ. ಆಗಾಗ ಇಡೀ ಗುಡ್ಡವೇ ಅಲುಗಾಡುತ್ತದೆ. ಮೂರನೆಯದು ವಿಚಿತ್ರ: ಫ್ಯಾನುಗಳು ನಿಧಾನಕ್ಕೆ ಉಲ್ಟಾ ತಿರುಗುತ್ತವೆ. ಮಾವ ನೋಡಿ "ಕರೆಂಟು ವಾಪಸ್ ಎಳ್ಕೊಳ್ತಾವೇನೋ" ಅಂದರು. ನಾನು ಫೋಟೋಗಳನ್ನು ಹಿಂದುಮುಂದಾಗಿ ಜೋಡಿಸಿಲ್ಲ, ಎರಡು ಸಲ ನೋಡಿದ್ದೇನೆ.

ಮಂಡಕ್ಕಿ_ಮಿರ್ಚಿ
ಉತ್ತರ ಗೊತ್ತಿಲ್ಲ. ನಿಮ್ಮ ಮಾವನಿಗೆ ನನ್ನ ಕಡೆಯಿಂದ ಒಂದು ಲೈಕ್.

ಹಳೇ_ಸ್ಟುಡಿಯೋ
ತಮ್ಮಾ, ಎರಡು ಸಾಲಿನಲ್ಲಿ ಮೂರು ಸಲ ಆಟೋ ಅಂತ ಬರೆದಿದ್ದೀಯ. ಇನ್ನೇನು ಆಗುತ್ತೆ? ಕ್ಯಾಮೆರಾಕ್ಕೆ ನೀನು ವಿಡಿಯೋ ಮಾಡುತ್ತಿರುವುದು ಗೊತ್ತಿಲ್ಲ. ಅದಕ್ಕೆ ಪ್ರತಿ ಫೋಟೋನೂ ಹೊಸ ಫೋಟೋ. ಬಿಳಿ ಮೋಡ ಬಂದರೆ ಬೆಳಕು ಕಡಿಮೆ ಮಾಡುತ್ತೆ, ಕಪ್ಪು ಮೋಡ ಬಂದರೆ ಜಾಸ್ತಿ ಮಾಡುತ್ತೆ, ಮಧ್ಯೆ ಬಣ್ಣವನ್ನೂ ಬದಲಾಯಿಸುತ್ತೆ. 225 ಫೋಟೋಕ್ಕೆ 225 ತೀರ್ಮಾನ.

ಎಲ್ಲವನ್ನೂ ಕೈಯಿಂದಲೇ ಇಡುವ ಎಂ ಮೋಡಿಗೆ ಹಾಕು. ಐಎಸ್‌ಒ 100. ವೈಟ್ ಬ್ಯಾಲೆನ್ಸ್ ಬಿಸಿಲಿನ ಚಿತ್ರ ಇರುವುದಕ್ಕೆ ಇಟ್ಟು ಬಿಡು. ದೂರದ ಗುಡ್ಡಕ್ಕೆ ಒಂದು ಸಲ ಆಟೋ ಫೋಕಸ್ ಮಾಡಿ, ಆಮೇಲೆ ಲೆನ್ಸಿನ ಪಕ್ಕದ ಸ್ವಿಚ್ಚನ್ನು ಎಂಎಫ್‌ಗೆ (ಕೈ ಫೋಕಸ್) ತಳ್ಳು. ಅದರ ಕೆಳಗೇ ಐಎಸ್ ಅಂತ ಇನ್ನೊಂದು ಸ್ವಿಚ್ ಇದ್ದರೆ ಅದನ್ನೂ ಆಫ್ ಮಾಡು. ಟ್ರೈಪಾಡ್ ಮೇಲೆ ಕೂತಾಗ ಅದು ಇಲ್ಲದ ಅಲುಗಾಟವನ್ನು ಸರಿಪಡಿಸಲು ಹೋಗಿ ತಾನೇ ಅಲುಗಾಡಿಸುತ್ತೆ. ಫೋಟೋ ತೆಗೆದ ಮೇಲೆ ಪರದೆಯಲ್ಲಿ ತೋರಿಸುವುದನ್ನೂ ಆಫ್ ಮಾಡು, ಬ್ಯಾಟರಿ ಉಳಿಯುತ್ತೆ.

ಮೊಬೈಲೇ_ಸಾಕು
ಇದಕ್ಕೆಲ್ಲ ಇಷ್ಟು ಕಷ್ಟ ಯಾಕೆ? ನನ್ನ ಫೋನಿನಲ್ಲಿ ಟೈಮ್‌ಲ್ಯಾಪ್ಸ್ ಅಂತ ಒತ್ತಿ ಗೋಡೆಗೆ ಒರಗಿಸಿ ಇಟ್ಟರೆ ಮುಗೀತು. ಮಿಣಮಿಣವೂ ಇಲ್ಲ, ಎಂತದೂ ಇಲ್ಲ.

ಹಳೇ_ಸ್ಟುಡಿಯೋ
ಫೋನಿನಲ್ಲಿ ಚೆನ್ನಾಗಿಯೇ ಬರುತ್ತೆ, ಇಲ್ಲ ಅಂದವರಾರು? ಆದರೆ ಅದನ್ನು ದೊಡ್ಡ ಟಿವಿಗೆ ಹಾಕಿ ನೋಡಿ. ಈ ಹುಡುಗನ ಕ್ಯಾಮೆರಾದ ಫೋಟೋ 6000 ಪಿಕ್ಸೆಲ್ ಅಗಲ ಇರುತ್ತೆ, 4ಕೆ ವಿಡಿಯೋಕ್ಕೆ 3840 ಸಾಕು. ಉಳಿದ ಜಾಗದಲ್ಲಿ ಮನೆಯಲ್ಲಿ ಕೂತೇ ನಿಧಾನಕ್ಕೆ ಜೂಮ್ ಮಾಡಬಹುದು, ಎಡದಿಂದ ಬಲಕ್ಕೆ ಸರಿಸಬಹುದು. ರಾ ಫೈಲಾದರೆ (ಕ್ಯಾಮೆರಾ ಹದ ಮಾಡದ ಮೂಲ ಫೈಲು) ಮೋಡದ ಬೆಳಕನ್ನು ಆಮೇಲೂ ಹದ ಮಾಡಬಹುದು.

ಮೊಬೈಲೇ_ಸಾಕು
ನನ್ನ ಮನೆಯಲ್ಲಿ ದೊಡ್ಡ ಟಿವಿ ಇಲ್ಲ ಸ್ವಾಮಿ.

ಸೂಳೆಕೆರೆ_ಹಕ್ಕಿ
ಸ್ಟುಡಿಯೋ ಅಣ್ಣ ಹೇಳಿದ್ದೆಲ್ಲ ಸರಿ, ಆದರೆ ಅಷ್ಟೇ ಮಾಡಿದರೆ ಮಿಣಮಿಣ ಪೂರ್ತಿ ಹೋಗಲ್ಲ. ನಾನು ಇದೇ ಗೋಳಿನಲ್ಲಿ ಆರು ತಿಂಗಳು ಕಳೆದಿದ್ದೇನೆ, ಚನ್ನಗಿರಿ ಕಡೆ ಸೂಳೆಕೆರೆ ದಂಡೆಯಲ್ಲಿ. ಎಲ್ಲವೂ ಮ್ಯಾನುಯಲ್, ಆದರೂ ಮಿಣಮಿಣ.

ಕಾರಣ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ತೂತು. ಡಿಎಸ್‌ಎಲ್‌ಆರ್‌ನಲ್ಲಿ (ಒಳಗೆ ಕನ್ನಡಿ ಇರುವ ನಿಮ್ಮಂಥ ಕ್ಯಾಮೆರಾ) ನಾವು ಕಿಂಡಿಯಲ್ಲಿ ನೋಡುವಾಗ ಲೆನ್ಸ್ ಪೂರ್ತಿ ತೆರೆದೇ ಇರುತ್ತದೆ. ಫೋಟೋ ತೆಗೆಯುವ ಕ್ಷಣಕ್ಕೆ ಮಾತ್ರ ಒಳಗಿನ ಎಲೆಗಳು ಎಫ್/11ಕ್ಕೆ ಮುಚ್ಚಿಕೊಂಡು, ಮತ್ತೆ ತೆರೆದುಕೊಳ್ಳುತ್ತವೆ. ಪ್ರತಿ ಸಲವೂ ಕೂದಲೆಳೆಯಷ್ಟು ಹೆಚ್ಚು ಕಡಿಮೆ ಆಗುತ್ತದೆ. ಒಂದೊಂದೇ ಫೋಟೋ ನೋಡಿದರೆ ಗೊತ್ತಾಗಲ್ಲ. ಸೆಕೆಂಡಿಗೆ 25 ಓಡಿಸಿದಾಗ ಎದ್ದು ಕಾಣುತ್ತದೆ. ತೂತು ಚಿಕ್ಕದಾದಷ್ಟೂ ಜಾಸ್ತಿ. ಎಫ್/3.5ಕ್ಕೆ ಇಟ್ಟು ನೋಡಿ. ಎಲೆಗಳು ಅಲುಗಾಡುವ ಪ್ರಶ್ನೆಯೇ ಇಲ್ಲ, ಮಿಣಮಿಣವೂ ಇಲ್ಲ.

ಹಳೇ_ಸ್ಟುಡಿಯೋ
ಲ್ಯಾಂಡ್‌ಸ್ಕೇಪಿಗೆ ಎಫ್/3.5 ಅಂತೆ! ನನಗೆ ಕೆಲಸ ಕಲಿಸಿದವರು ಕೇಳಿದ್ದರೆ ಡಾರ್ಕ್‌ರೂಮಿನಿಂದ ಆಚೆಗೆ ಹಾಕುತ್ತಿದ್ದರು. ಮುಂದಿನ ಬೆಳೆಯೂ ಹಿಂದಿನ ಗುಡ್ಡವೂ ಶಾರ್ಪ್ ಇರಬೇಕು ಅಂದರೆ ಎಫ್/11 ಬೇಕೇ ಬೇಕು.

ಲೆಕ್ಕದ_ಮೇಷ್ಟ್ರು
ಗುರುಗಳ ವಿಷಯ ಬಿಡಿ, ಲೆಕ್ಕ ನೋಡೋಣ. ಈ ಕ್ಯಾಮೆರಾದ ಸೆನ್ಸರ್ ಚಿಕ್ಕದು. 18 ಎಂಎಂ, ಎಫ್/3.5ರಲ್ಲಿ ಸುಮಾರು 5 ಮೀಟರ್ ದೂರಕ್ಕೆ ಫೋಕಸ್ ಇಟ್ಟರೆ, ಎರಡೂವರೆ ಮೀಟರಿನಿಂದ ಹಿಡಿದು ಗುಡ್ಡದ ತನಕ ಕಣ್ಣಿಗೆ ಶಾರ್ಪ್ ಆಗಿಯೇ ಇರುತ್ತದೆ. ಈ ಹುಡುಗ ಟ್ರೈಪಾಡಿನ ಬುಡದಲ್ಲಿರುವ ಶೇಂಗಾ ಎಲೆಯನ್ನು ತೋರಿಸಲು ಹೊರಟಿಲ್ಲವಲ್ಲ. ಮೂಲೆಗಳು ಸ್ವಲ್ಪ ಮೆತ್ತಗಿರಬಹುದು, 4ಕೆಗೆ ಇಳಿಸಿದಾಗ ಅದು ಅಷ್ಟಾಗಿ ಕಾಣುವುದಿಲ್ಲ.

ಹಳೇ_ಸ್ಟುಡಿಯೋ
ಮೇಷ್ಟ್ರೇ, ಲೆಕ್ಕ ಒಪ್ಪಿದೆ. ಮನಸ್ಸು ಒಪ್ಪಲಿಲ್ಲ.

ಸೂಳೆಕೆರೆ_ಹಕ್ಕಿ
ಎಫ್/8 ಬೇಕೇ ಬೇಕು ಅನ್ನುವವರಿಗೆ ಇನ್ನೊಂದು ಕಳ್ಳದಾರಿ ಇದೆ. ಅಪರ್ಚರನ್ನು ಕೈಯಿಂದಲೇ ತಿರುಗಿಸುವ ಹಳೇ ಕಾಲದ ಲೆನ್ಸನ್ನು ಅಡಾಪ್ಟರ್ ಹಾಕಿ ಕೂರಿಸುವುದು. ಎಲೆಗಳು ನಾವು ಇಟ್ಟ ಕಡೆ ಇರುತ್ತವೆ, ಕ್ಯಾಮೆರಾಕ್ಕೆ ಅದರ ಮೇಲೆ ಅಧಿಕಾರ ಇಲ್ಲ. ಫೋಕಸೂ ಕೈಯಿಂದಲೇ, ಆದರೆ ಇಲ್ಲಿ ನಮಗೆ ಬೇಕಾಗಿರುವುದೂ ಅದೇ ಅಲ್ವಾ.

ಹೊಸಬ_ಹರಿಹರ
ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. 4 ಸೆಕೆಂಡ್ ಅಂತ ಯಾವ ಲೆಕ್ಕದ ಮೇಲೆ ಇಡುತ್ತಾರೆ? ನಾನು ಹರಿಹರದಲ್ಲಿ ತುಂಗಭದ್ರಾ ಸೇತುವೆ ಹತ್ತಿರ 30 ಸೆಕೆಂಡ್ ಇಟ್ಟಿದ್ದೆ. ಮೋಡಗಳು ಕಪ್ಪೆ ಹಾರಿದ ಹಾಗೆ ಹಾರುತ್ತಿವೆ.

ಸೂಳೆಕೆರೆ_ಹಕ್ಕಿ
ಏನು ಓಡುತ್ತಿದೆ ಅನ್ನುವುದರ ಮೇಲೆ ಹೋಗುತ್ತದೆ. ಈಗಿನ ಆಷಾಢದ ಮೋಡಕ್ಕೆ 2ರಿಂದ 4 ಸೆಕೆಂಡ್. ಚಳಿಗಾಲದ ಸೋಮಾರಿ ಮೋಡಕ್ಕೆ 8, 10 ಇಟ್ಟರೂ ನಡೆಯುತ್ತದೆ. ಬಂಡೆಯ ಮೇಲೆ ನೆರಳು ಸರಿಯುವುದನ್ನು ತೋರಿಸಬೇಕಾದರೆ 20, 30. ಜನ, ಬಸ್ಸು ಇದ್ದರೆ 1. ಅನುಮಾನ ಬಂದರೆ ಕಡಿಮೆ ಸೆಕೆಂಡಿಗೆ ಇಡಿ. ಜಾಸ್ತಿ ಫೋಟೋ ಇದ್ದರೆ ಒಂದು ಬಿಟ್ಟು ಒಂದು ಎಸೆಯಬಹುದು, ತೆಗೆಯದ ಫೋಟೋವನ್ನು ಎಲ್ಲಿಂದ ತರುತ್ತೀರಿ?

ಲೆಕ್ಕದ_ಮೇಷ್ಟ್ರು
ಹರಿಹರದವರೇ, ಉಳಿದದ್ದು ಮೂರನೇ ಕ್ಲಾಸಿನ ಲೆಕ್ಕ. ಸೆಕೆಂಡಿಗೆ 25 ಚಿತ್ರ. 10 ಸೆಕೆಂಡಿನ ವಿಡಿಯೋ ಬೇಕಾದರೆ 250 ಫೋಟೋ. 4 ಸೆಕೆಂಡಿಗೊಂದರಂತೆ ಸಾವಿರ ಸೆಕೆಂಡ್, ಅಂದರೆ ಹದಿನೇಳು ನಿಮಿಷಕ್ಕೆ ಸ್ವಲ್ಪ ಕಡಿಮೆ. 30 ಸೆಕೆಂಡಿಗೊಂದಾದರೆ ಎರಡು ಗಂಟೆ ಐದು ನಿಮಿಷ ಕೂರಬೇಕು.

ಹೊಸಬ_ಹರಿಹರ
ಎರಡು ಗಂಟೆಯೇ ಕೂತಿದ್ದೆ ಸಾರ್. ಸೊಳ್ಳೆ ಕಚ್ಚಿದ್ದು ಬಂದ ಭಾಗ್ಯ.

ಲೆಕ್ಕದ_ಮೇಷ್ಟ್ರು
ಈಗ ಫ್ಯಾನಿನ ವಿಷಯಕ್ಕೆ ಬರೋಣ, ನನಗೆ ನಿದ್ದೆ ಬರದ ಹಾಗೆ ಮಾಡಿರುವುದು ಅದೇ. ದುರ್ಗದ ಹುಡುಗ, ನಾಳೆ ಹೊಲಕ್ಕೆ ಹೋದಾಗ ವಾಚ್ ಹಿಡಿದು ಒಂದು ಕೆಲಸ ಮಾಡು. ಒಂದು ರೆಕ್ಕೆಯನ್ನೇ ದಿಟ್ಟಿಸಿ ನೋಡಿ, 10 ಸುತ್ತು ಬರಲು ಎಷ್ಟು ಸೆಕೆಂಡ್ ಹಿಡಿಯುತ್ತದೆ ಹೇಳು.

ಮಂಡಕ್ಕಿ_ಮಿರ್ಚಿ
ಹೋಮ್‌ವರ್ಕ್ ಕೊಟ್ಟರು.

ದುರ್ಗದ_ಗಾಳಿ | ಸೋಮವಾರ, ಸಂಜೆ 7:15
ಎಣಿಸಿದೆ ಸಾರ್. ಮೂರು ಫ್ಯಾನು ನೋಡಿದೆ. ಮೂರೂ 10 ಸುತ್ತಿಗೆ 30 ಸೆಕೆಂಡ್, ಇಲ್ಲವೇ ಅದಕ್ಕಿಂತ ಚೂರು ಜಾಸ್ತಿ. ಎಲ್ಲವೂ ಮಾತಾಡಿಕೊಂಡ ಹಾಗೆ ಒಂದೇ ವೇಗ. ಗಾಳಿ ಒಂದು ಸಲ ಜೋರು, ಒಂದು ಸಲ ನಿಧಾನ ಇದ್ದರೂ ಇವು ಮಾತ್ರ ಬದಲಾಗುತ್ತಿರಲಿಲ್ಲ. ಇದು ಹೇಗೆ?

ಫ್ಯಾನ್_ಮೆಕ್ಯಾನಿಕ್
ಇದಕ್ಕೆ ನಾನು ಉತ್ತರ ಕೊಡಬಹುದು. ಹತ್ತು ವರ್ಷದಿಂದ ಇವುಗಳ ಒಳಗೆ ಏಣಿ ಹತ್ತಿ ಇಳಿಯುವುದೇ ನನ್ನ ಹೊಟ್ಟೆಪಾಡು. ಹಳೇ ಕಾಲದ ಮೆಷಿನ್‌ಗಳಲ್ಲಿ ಬಹಳಷ್ಟು ಗ್ರಿಡ್‌ಗೆ (ವಿದ್ಯುತ್ ಜಾಲಕ್ಕೆ) ನೇರವಾಗಿ ಕಟ್ಟಿಕೊಂಡಿರುತ್ತವೆ. ಗ್ರಿಡ್ 50 ಹರ್ಟ್ಜ್‌ನಲ್ಲಿ ಇದೆ, ಹಾಗಾಗಿ ಜನರೇಟರೂ ಅದಕ್ಕೆ ತಕ್ಕ ಹಾಗೇ ತಿರುಗಬೇಕು, ಗೇರ್‌ಬಾಕ್ಸ್ ಮೂಲಕ ರೆಕ್ಕೆಯೂ ಅದೇ ತಾಳಕ್ಕೆ. ಗಾಳಿ ಜೋರಾದರೆ ಕರೆಂಟು ಜಾಸ್ತಿ ಬರುತ್ತದೆ, ವೇಗ ಜಾಸ್ತಿ ಆಗಲ್ಲ. ಹೊಸ ದೊಡ್ಡ ಮೆಷಿನ್‌ಗಳು ಹಾಗಲ್ಲ, ಗಾಳಿಗೆ ತಕ್ಕಂತೆ ವೇಗ ಬದಲಿಸುತ್ತವೆ.

ಅಂದ ಹಾಗೆ ಉಲ್ಟಾ ತಿರುಗಿ ಕರೆಂಟು ಎಳೆದುಕೊಳ್ಳುವುದು ಅಂತ ಏನೂ ಇಲ್ಲ, ಮಾವನಿಗೆ ಹೇಳಿ.

ಲೆಕ್ಕದ_ಮೇಷ್ಟ್ರು
ಸಿಕ್ಕಿತು! ಕೇಳಿ. 10 ಸುತ್ತಿಗೆ 30 ಸೆಕೆಂಡ್, ಅಂದರೆ ಒಂದು ಸುತ್ತಿಗೆ 3 ಸೆಕೆಂಡ್. ರೆಕ್ಕೆ ಮೂರು, ಮೂರೂ ಒಂದೇ ತರಹ. ಹಾಗಾಗಿ ಪ್ರತಿ 1 ಸೆಕೆಂಡಿಗೆ ಒಂದು ರೆಕ್ಕೆ ಇದ್ದ ಜಾಗಕ್ಕೆ ಇನ್ನೊಂದು ಬಂದು ನಿಲ್ಲುತ್ತದೆ. ನೀನು 4 ಸೆಕೆಂಡಿಗೆ ಒಂದು ಫೋಟೋ ತೆಗೆದೆ. ಅಷ್ಟರಲ್ಲಿ ನಾಲ್ಕು ರೆಕ್ಕೆ ಸರಿದು ಹೋಗಿ, ಚಿತ್ರ ಮತ್ತೆ ಮೊದಲಿನ ಹಾಗೇ. ಫ್ಯಾನು ನಿಂತೇ ಇದ್ದ ಹಾಗೆ ಕಾಣಬೇಕು. ಆದರೆ ವೇಗ ಚೂರು ಕಡಿಮೆ ಇದೆ ಅಂತ ನೀನೇ ಹೇಳಿದೆ. ಹಾಗಾಗಿ ನಾಲ್ಕನೇ ರೆಕ್ಕೆ ಸರಿಯಾದ ಜಾಗಕ್ಕೆ ಬರುವ ಎರಡು ಮೂರು ಡಿಗ್ರಿ ಮೊದಲೇ ಕ್ಲಿಕ್ ಆಗಿದೆ. ಪ್ರತಿ ಫೋಟೋದಲ್ಲೂ ಅಷ್ಟಷ್ಟು ಹಿಂದೆ. ಜೋಡಿಸಿ ಓಡಿಸಿದರೆ ಉಲ್ಟಾ ತಿರುಗುತ್ತದೆ. ಹಳೇ ಸಿನಿಮಾದಲ್ಲಿ ಜಟಕಾ ಗಾಡಿ ಮುಂದಕ್ಕೆ ಓಡುವಾಗ ಚಕ್ರ ಹಿಂದಕ್ಕೆ ತಿರುಗುತ್ತಿತ್ತಲ್ಲ, ಅದೇ ಕಥೆ.

ಇನ್ನೂ ತಮಾಷೆ ಅಂದರೆ, ನಿನ್ನ ಇಂಟರ್ವಲೋಮೀಟರಿನಲ್ಲಿ 2 ಇಡು, 3 ಇಡು, 5 ಇಡು, ಎಲ್ಲ ಪೂರ್ಣ ಸೆಕೆಂಡಿಗೂ ಈ ಫ್ಯಾನು ಇದೇ ಆಟ ಆಡುತ್ತದೆ.

ಮಂಡಕ್ಕಿ_ಮಿರ್ಚಿ
ಶಾಲೆಯಲ್ಲಿ ಹೀಗೆ ಹೇಳಿಕೊಟ್ಟಿದ್ದರೆ ನಾನು ಇವತ್ತು ಮಂಡಕ್ಕಿ ಭಟ್ಟಿ ಲೆಕ್ಕ ಬರೆಯುತ್ತಾ ಕೂರುತ್ತಿರಲಿಲ್ಲ.

ದುರ್ಗದ_ಗಾಳಿ
ಅಬ್ಬಾ! ಸರಿ, ಕಾರಣ ಗೊತ್ತಾಯಿತು. ಪರಿಹಾರ?

ಲೆಕ್ಕದ_ಮೇಷ್ಟ್ರು
ಶಟರ್ ನಿಧಾನ ಮಾಡು. ಈಗ ನೀನು ಸೆಕೆಂಡಿನ ನೂರನೇ ಒಂದು ಭಾಗದಲ್ಲೋ ಏನೋ ತೆಗೆಯುತ್ತಿದ್ದೀಯ, ರೆಕ್ಕೆ ಕಲ್ಲಿನಲ್ಲಿ ಕೆತ್ತಿದ ಹಾಗೆ ನಿಲ್ಲುತ್ತದೆ. ಶಟರ್ 1 ಸೆಕೆಂಡಿಗಿಂತ ಜಾಸ್ತಿ ಹೊತ್ತು ತೆರೆದಿದ್ದರೆ ರೆಕ್ಕೆಗಳು ಇಡೀ ಸುತ್ತನ್ನು ಸವರಿ ತೆಳು ಬಿಳಿ ತಟ್ಟೆಯ ಹಾಗೆ ಕಾಣುತ್ತವೆ. ಆಗ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಮೋಡವೂ ಜರ್ಕ್ ಹೊಡೆಯದೆ ಜಾರಿಕೊಂಡು ಹೋಗುತ್ತದೆ. ಸಿನಿಮಾದವರ ಲೆಕ್ಕವೂ ಇದೇ: ಎರಡು ಫೋಟೋ ನಡುವಿನ ಸಮಯದ ಅರ್ಧ ಶಟರ್ ತೆರೆದಿರಬೇಕು. 4 ಸೆಕೆಂಡಿಗೆ 2.

ಹೊಸಬ_ಹರಿಹರ
ಹಗಲಲ್ಲಿ 2 ಸೆಕೆಂಡ್ ಇಟ್ಟರೆ ಬರೀ ಬಿಳಿ ಹಾಳೆ ಬರುತ್ತದೆ ಸಾರ್. ಮಾಡಿ ನೋಡಿದ್ದೇನೆ.

ಹಳೇ_ಸ್ಟುಡಿಯೋ
ಅದಕ್ಕೇ ಎನ್‌ಡಿ ಫಿಲ್ಟರ್ ಇರುವುದು. ಲೆನ್ಸಿಗೆ ಕಪ್ಪು ಕನ್ನಡಕ. ಹಿಂದೆ ಫಿಲ್ಮ್ ರೋಲಿನ ಡಬ್ಬಿಯ ಒಳಗೇ ಅಚ್ಚು ಹಾಕಿರುತ್ತಿದ್ದರು: ಚೆನ್ನಾಗಿ ಬಿಸಿಲಿದ್ದರೆ ಎಫ್/16, ನೂರರ ಫಿಲ್ಮಿಗೆ ಶಟರ್ ಹತ್ತಿರ ಹತ್ತಿರ ನೂರನೇ ಒಂದು. ಅದೇ ಹಿಡಿದುಕೊಂಡು ಬಂದರೆ ಎಫ್/8ಕ್ಕೆ ನಾನೂರನೇ ಒಂದು. ಎನ್‌ಡಿ 1000 ಹಾಕಿದರೆ ಸಾವಿರ ಪಟ್ಟು, ಎರಡೂವರೆ ಸೆಕೆಂಡ್ ಬಂತು ನೋಡು. ನಿನ್ನ ಲೆನ್ಸಿಗೆ 58 ಎಂಎಂ ಫಿಲ್ಟರ್ ಕೂರುತ್ತೆ.

ಸೂಳೆಕೆರೆ_ಹಕ್ಕಿ
ಅಣ್ಣ ಮೆಲ್ಲಗೆ ಎಫ್/8ಕ್ಕೆ ಎಳೆದುಕೊಂಡು ಹೋದರು ನೋಡಿ. ಎಫ್/8 ಅಂದರೆ ಮತ್ತೆ ಮಿಣಮಿಣ.

ಹಳೇ_ಸ್ಟುಡಿಯೋ
ಹಾಗಾದರೆ ನಿನ್ನ ಎಫ್/3.5ಕ್ಕೆ ಲೆಕ್ಕ ಹಾಕಮ್ಮ. ಸೆಕೆಂಡಿನ ಎರಡು ಸಾವಿರನೇ ಒಂದು ಭಾಗ, ಅದಕ್ಕೆ ಸಾವಿರ ಪಟ್ಟು, ಅರ್ಧ ಸೆಕೆಂಡ್. ಮೇಷ್ಟ್ರಿಗೆ ಬೇಕಾದ್ದು 2 ಸೆಕೆಂಡ್. ಈಗೇನು ಮಾಡುತ್ತೀಯ?

ಲೆಕ್ಕದ_ಮೇಷ್ಟ್ರು
ಇಬ್ಬರೂ ಬಿಸಿಲಿಗೆ ಲೆಕ್ಕ ಹಾಕುತ್ತಿದ್ದೀರಿ. ಆಷಾಢದಲ್ಲಿ ದುರ್ಗದಲ್ಲಿ ಬಿಸಿಲು ಎಲ್ಲಿದೆ? ಮೋಡ ಮುಚ್ಚಿದ್ದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ ಅನ್ನಿ. ಅರ್ಧ ಸೆಕೆಂಡ್ ಇದ್ದದ್ದು 2 ಸೆಕೆಂಡ್ ಆಯಿತು. ಎಫ್/3.5, ಎನ್‌ಡಿ 1000, ಐಎಸ್‌ಒ 100, 2 ಸೆಕೆಂಡ್. ಸಂಜೆ ಕಡೆ ಹೋಗಿ. ಜಗಳ ಮುಗೀತು.

ಹಳೇ_ಸ್ಟುಡಿಯೋ
ಮುಗೀತು. ಆದರೆ ಹುಡುಗ, ಫಿಲ್ಟರ್ ಹಾಕಿದ ಮೇಲೆ ಕಿಂಡಿಯಲ್ಲಿ ಅಮಾವಾಸ್ಯೆ ಕಾಣುತ್ತೆ. ಫ್ರೇಮು, ಫೋಕಸು ಎಲ್ಲ ಮೊದಲೇ ಮುಗಿಸಿಕೋ, ಆಮೇಲೆ ಮೆಲ್ಲಗೆ ತಿರುಗಿಸಿ ಹಾಕು. ಇಷ್ಟು ಹೊತ್ತು ಶಟರ್ ತೆರೆದಿದ್ದಾಗ ಹಿಂದಿನ ಕಿಂಡಿಯಿಂದಲೂ ಬೆಳಕು ನುಗ್ಗುತ್ತೆ, ಅದನ್ನು ಮುಚ್ಚು. ಕ್ಯಾಮೆರಾ ಪಟ್ಟಿಯಲ್ಲಿ ಸಿಕ್ಕಿಸಿರುವ ರಬ್ಬರ್ ತುಂಡು ಅದಕ್ಕೇ ಕೊಟ್ಟಿರುವುದು. ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಅಂತ ಮೆನುವಿನಲ್ಲಿದೆ, ಅದನ್ನು ಆಫ್ ಮಾಡು. ಇಲ್ಲದಿದ್ದರೆ ಎಷ್ಟು ಹೊತ್ತು ಫೋಟೋ ತೆಗೆಯಿತೋ ಅಷ್ಟೇ ಹೊತ್ತು ಕೂತು ಯೋಚನೆ ಮಾಡುತ್ತೆ, ಮುಂದಿನ ಕ್ಲಿಕ್ ತಪ್ಪಿಹೋಗುತ್ತೆ.

ಎನ್‌ಡಿ 1000 ನನ್ನ ಹತ್ತಿರ ಒಂದು ಸುಮ್ನೆ ಬಿದ್ದಿದೆ, 77ರದ್ದು. 58ಕ್ಕೆ ಕೂರಿಸುವ ರಿಂಗೂ ಇದೆ. ದಾವಣಗೆರೆಗೆ ಬಂದಾಗ ತೆಗೆದುಕೊಂಡು ಹೋಗು. ವಾಪಸ್ ಕೊಡಬೇಕು.

ಫ್ಯಾನ್_ಮೆಕ್ಯಾನಿಕ್
ಅಲುಗಾಟದ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ. ಫ್ಯಾನು ಹಾಕಿರುವ ಜಾಗ ಅಂದರೆ ಗಾಳಿ ಜಾಸ್ತಿ ಇರುವ ಜಾಗ ಅಂತಲೇ ಅರ್ಥ. ಅಲ್ಲಿ ಹಗುರ ಟ್ರೈಪಾಡ್ ಇಟ್ಟು ಅಲುಗಾಡುತ್ತೆ ಅಂದರೆ ಹೇಗೆ? ನಡುವಿನ ಕಂಬವನ್ನು ಮೇಲೆ ಎತ್ತಬೇಡಿ. ಕಾಲುಗಳನ್ನು ಅಗಲ ಮಾಡಿ, ಮೊಣಕಾಲೆತ್ತರಕ್ಕೆ ಇಳಿಸಿ. ಗೊಬ್ಬರದ ಚೀಲಕ್ಕೆ ನಾಲ್ಕು ಕಲ್ಲು ತುಂಬಿ ಕೊಕ್ಕೆಗೆ ನೇತು ಹಾಕಿ. ಚೀಲ ನೆಲಕ್ಕೆ ತಾಗುತ್ತಿರಬೇಕು. ತೂಗಾಡಲು ಬಿಟ್ಟರೆ ಅದೇ ಗಂಟೆ ಬಾರಿಸಿದ ಹಾಗೆ ಅಲ್ಲಾಡಿಸುತ್ತದೆ.

ಸೂಳೆಕೆರೆ_ಹಕ್ಕಿ
ಜೊತೆಗೆ ಕ್ಯಾಮೆರಾ ಪಟ್ಟಿ ಬಿಚ್ಚಿಡಿ. ಗಾಳಿಗೆ ಅದು ಬಾವುಟದ ತರಹ ಪಟಪಟ ಬಡಿಯುತ್ತದೆ, ಅರ್ಧ ಅಲುಗಾಟ ಅದರದ್ದೇ. ಬಿತ್ತಿದ ಹೊಲದಲ್ಲಿ ಮಣ್ಣು ಮೆತ್ತಗಿರುತ್ತದೆ, ಅರ್ಧ ಗಂಟೆಯಲ್ಲಿ ಟ್ರೈಪಾಡಿನ ಒಂದು ಕಾಲು ಇಳಿದು ಇಡೀ ಫ್ರೇಮೇ ವಾಲುತ್ತದೆ. ಬದುವಿನ ಮೇಲೆ ಇಡಿ, ಇಲ್ಲವೇ ಕಾಲ ಕೆಳಗೆ ಚಪ್ಪಡಿ ಕಲ್ಲು ಹಾಕಿ.

ದುರ್ಗದ_ಗಾಳಿ
ಸ್ಟುಡಿಯೋ ಅಣ್ಣ ಪಟ್ಟಿಯಲ್ಲಿರುವ ರಬ್ಬರ್ ಹಾಕು ಅಂತಾರೆ, ಅಕ್ಕ ಪಟ್ಟಿಯನ್ನೇ ಬಿಚ್ಚು ಅಂತಾರೆ.

ಸೂಳೆಕೆರೆ_ಹಕ್ಕಿ
ಕಪ್ಪು ಇನ್ಸುಲೇಷನ್ ಟೇಪ್. ಹತ್ತು ರೂಪಾಯಿ.

ಕೋಟೆ_ಬಾಗಿಲು
ದುರ್ಗದವರಾಗಿ ಕೋಟೆ ಬಿಟ್ಟು ಫ್ಯಾನು ಹಿಡಿದುಕೊಂಡು ಕೂತಿದ್ದೀರಲ್ಲ! ಏಳು ಸುತ್ತಿನ ಕೋಟೆ, ಆ ಬಂಡೆಗಳ ಮೇಲೆ ಮೋಡದ ನೆರಳು ಹರಿದು ಹೋಗುವುದನ್ನು ಟೈಮ್‌ಲ್ಯಾಪ್ಸ್ ಮಾಡಬೇಕು. ಗೋಪಾಲಸ್ವಾಮಿ ಹೊಂಡದ ನೀರಿನಲ್ಲಿ ಆಕಾಶ ಓಡುವುದು ನೋಡಿದ್ದೀರಾ?

ದುರ್ಗದ_ಗಾಳಿ
ಆಸೆ ಇಲ್ಲದೆ ಏನು? ಅದು ಪುರಾತತ್ವ ಇಲಾಖೆ ಕಾಪಾಡುವ ಜಾಗ. ಟ್ರೈಪಾಡ್ ಒಯ್ಯಬೇಕಾದರೆ ಮೊದಲೇ ಅನುಮತಿ ಪಡೆಯಬೇಕು. ಸುಮ್ನೆ ಹೆಗಲಿಗೆ ಹಾಕಿಕೊಂಡು ಹೋದರೆ ಬಾಗಿಲಲ್ಲೇ ನಿಲ್ಲಿಸುತ್ತಾರೆ.

ಕೋಟೆ_ಬಾಗಿಲು
ಹೌದು, ಅದೊಂದಿದೆ. ಹೊರಗಿನಿಂದ ಮಾಡಿ ಹಾಗಾದರೆ. ಊರೊಳಗೆ ಎಷ್ಟೋ ಮನೆಗಳ ತಾರಸಿಯಿಂದ ಕೋಟೆಯ ಬೆಟ್ಟ ಪೂರ್ತಿ ಕಾಣುತ್ತದೆ. ನನ್ನ ತಂಗಿ ಮನೆಯ ತಾರಸಿಯಲ್ಲಿ ಬೆಳಗ್ಗೆ ಆರಕ್ಕೆ ಇಟ್ಟು, 20 ಸೆಕೆಂಡಿಗೊಂದರಂತೆ ಎರಡು ಗಂಟೆ ತೆಗೆದಿದ್ದೆ. ಬಿಸಿಲು ಒಂದೊಂದೇ ಬಂಡೆಯನ್ನು ಮುಟ್ಟಿಕೊಂಡು ಕೆಳಗಿಳಿಯುವುದು ಎಷ್ಟು ಚೆಂದ ಅಂತೀರಿ. ಏಳೂವರೆಗೆ ತಂಗಿ ಬಂದು ಸೀರೆ ಒಣಗಲು ಹಾಕಿದಳು. ಅಲ್ಲಿಂದ ಮುಂದೆ ಬರೀ ಸೀರೆ.

ಮಂಡಕ್ಕಿ_ಮಿರ್ಚಿ
ಏಳು ಸುತ್ತಿನ ಕೋಟೆಯನ್ನು ಒಂದು ಸೀರೆ ಗೆದ್ದಿತು.

ಮೊಬೈಲೇ_ಸಾಕು
ಜೋಗಿಮಟ್ಟಿ ಮೇಲಿಂದ ಮಾಡಬಹುದಲ್ಲ? ಮೋಡ ಕೈಗೇ ಸಿಗುತ್ತದೆ.

ಫ್ಯಾನ್_ಮೆಕ್ಯಾನಿಕ್
ಮಾಡಬಹುದು, ಆದರೆ ಅದು ವನ್ಯಧಾಮ. ಕರಡಿ, ಚಿರತೆ ಇರುವ ಕಾಡು. ಸಂಜೆ ಕತ್ತಲಾಗುವವರೆಗೆ ಒಬ್ಬರೇ ಟ್ರೈಪಾಡ್ ಪಕ್ಕ ಕೂರುವ ಜಾಗ ಅಲ್ಲ. ಗೇಟಿನಲ್ಲಿ ಕೇಳಿಕೊಂಡು ಹಗಲಲ್ಲಿ ಹೋಗಿ ಬನ್ನಿ.

ವಿವಿ_ಸಾಗರ
ಹಿರಿಯೂರಿನಿಂದ. ನಮ್ಮ ಮಾರಿಕಣಿವೆ ಡ್ಯಾಂ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಜನ ಜಾತ್ರೆಗೆ ಬಂದ ಹಾಗೆ ಬಂದರು. ನಾನು ಕೋಡಿ ನೀರಿನ ಟೈಮ್‌ಲ್ಯಾಪ್ಸ್ ತೆಗೆದೆ. ನೋಡಿದರೆ ಮುಂದೆ ಸೆಲ್ಫಿ ತೆಗೆಯುವವರ ತಲೆಗಳೇ ಓಡಾಡುತ್ತಿವೆ. ನೀರು ಹಿಂದೆ ಎಲ್ಲೋ.

ಲೆಕ್ಕದ_ಮೇಷ್ಟ್ರು
ಡ್ಯಾಂ ತುಂಬುವುದನ್ನೇ ಟೈಮ್‌ಲ್ಯಾಪ್ಸ್ ಮಾಡಬೇಕಾದರೆ 1933ರಲ್ಲೇ ಕ್ಯಾಮೆರಾ ಇಡಬೇಕಿತ್ತು. ದಿನಕ್ಕೊಂದು ಫೋಟೋ ಅಂದರೂ 89 ವರ್ಷಕ್ಕೆ ಮೂವತ್ತೆರಡೂವರೆ ಸಾವಿರ ಫೋಟೋ. ವಿಡಿಯೋ ಬರೀ ಇಪ್ಪತ್ತೊಂದು ನಿಮಿಷ ನಲವತ್ತು ಸೆಕೆಂಡ್.

ವಿವಿ_ಸಾಗರ
ಅದರಲ್ಲಿ ಇಪ್ಪತ್ತೊಂದು ನಿಮಿಷ ಬರೀ ಬರಗಾಲ ಮೇಷ್ಟ್ರೇ.

ಹೊಸಬ_ಹರಿಹರ
ಇಷ್ಟೊಂದು ಫೋಟೋ ತೆಗೆದರೆ ಕ್ಯಾಮೆರಾ ಬೇಗ ಹಾಳಾಗುವುದಿಲ್ಲವಾ? ಶಟರ್‌ಗೂ ಆಯಸ್ಸು ಇದೆ ಅಂತ ಕೇಳಿದ್ದೆ.

ಹಳೇ_ಸ್ಟುಡಿಯೋ
ಇದೆ. ಡಿಎಸ್‌ಎಲ್‌ಆರ್‌ನಲ್ಲಿ ಪ್ರತಿ ಕ್ಲಿಕ್ಕಿಗೂ ಕನ್ನಡಿ ಎದ್ದು ಬೀಳುತ್ತೆ, ಶಟರ್ ಪರದೆ ಓಡುತ್ತೆ. ಸವೆಯದೆ ಇರುತ್ತಾ? ಒಂದು ಸಂಜೆಗೆ 600 ಕ್ಲಿಕ್ ಅಂದರೆ ವಾರಕ್ಕೊಂದು ಸಲ ಮಾಡಿದರೂ ವರ್ಷಕ್ಕೆ ಮೂವತ್ತು ಸಾವಿರ. ಆದರೆ ಪೆಟ್ಟಿಗೆಯಲ್ಲಿ ಇಟ್ಟ ಕ್ಯಾಮೆರಾಕ್ಕೆ ಬೂಷ್ಟು ಹಿಡಿಯುತ್ತೆ. ಯಾವುದು ಮೇಲು ನೀನೇ ನೋಡು. ಮಿರರ್‌ಲೆಸ್ ಇರುವವರು ಎಲೆಕ್ಟ್ರಾನಿಕ್ ಶಟರ್ ಹಾಕಿಕೊಂಡರೆ ಈ ಚಿಂತೆ ಇಲ್ಲ.

ಸೂಳೆಕೆರೆ_ಹಕ್ಕಿ
ನನ್ನ ನಿಕಾನ್ ಡಿ5600ರಲ್ಲಿ ಇಂಟರ್ವಲ್ ಟೈಮರ್ ಒಳಗೇ ಇದೆ, ವೈರು ಗಿಯರು ಏನೂ ಬೇಡ. ಸುಮ್ನೆ ಹೇಳಿದೆ.

ದುರ್ಗದ_ಗಾಳಿ
ಸುಮ್ನೆ ಹೇಳಿದ್ದಲ್ಲ ಅಂತ ಗೊತ್ತಾಯಿತು ಅಕ್ಕ.

ಸೂರ್ಯ ಮುಳುಗುವುದನ್ನು ತೆಗೆಯಬೇಕಾದರೆ ಏನು ಮಾಡಬೇಕು? ಎಲ್ಲ ಮ್ಯಾನುಯಲ್ ಇಟ್ಟರೆ ಕೊನೆಗೆ ಕಪ್ಪಾಗಿಬಿಡುತ್ತದಲ್ಲ.

ಹಳೇ_ಸ್ಟುಡಿಯೋ
ಅಲ್ಲಿ ಮಾತ್ರ ಆಟೋಕ್ಕೆ ಮಾಫಿ. ಎವಿ ಮೋಡಿಗೆ ಹಾಕಿ, ಆಮೇಲೆ ಕಂಪ್ಯೂಟರಿನಲ್ಲಿ ಡಿಫ್ಲಿಕರ್ ಮಾಡಿ ಮಿಣಮಿಣ ತೆಗೆದುಕೋ.

ಸೂಳೆಕೆರೆ_ಹಕ್ಕಿ
ನಾನು ಒಪ್ಪಲ್ಲ. ಸೂರ್ಯ ಫ್ರೇಮಿನಲ್ಲಿ ಇರುವಾಗ ಎವಿಗೆ ತಲೆ ಕೆಡುತ್ತದೆ, ಮೋಡದ ಮರೆಗೆ ಹೋದಾಗೊಮ್ಮೆ ಹೊರಗೆ ಬಂದಾಗೊಮ್ಮೆ ಕುಣಿಯುತ್ತದೆ. ಮ್ಯಾನುಯಲ್ಲೇ ಇರಲಿ, ರಾ ತೆಗೆಯಿರಿ. ಬೆಳಕು ಇಳಿಯುತ್ತಿದ್ದ ಹಾಗೆ ಎರಡು ಕ್ಲಿಕ್ ನಡುವಿನ ಬಿಡುವಿನಲ್ಲಿ ಶಟರ್ ಚಕ್ರವನ್ನು ಒಂದೇ ಒಂದು ಮೆಟ್ಟಿಲು ತಿರುಗಿಸಿ. ಮೂರನೇ ಒಂದು ಸ್ಟಾಪ್ ಅಷ್ಟೇ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು). ಒಂದೊಂದು ಮೆಟ್ಟಿಲಿಗೂ ವಿಡಿಯೋದಲ್ಲಿ ಸಣ್ಣ ಜಿಗಿತ ಕಾಣುತ್ತದೆ. ಎಲ್‌ಆರ್‌ಟೈಮ್‌ಲ್ಯಾಪ್ಸ್ ಅನ್ನುವ ಸಾಫ್ಟ್‌ವೇರ್ ಆ ಮೆಟ್ಟಿಲುಗಳನ್ನೆಲ್ಲ ಸವರಿ ಇಳಿಜಾರು ಮಾಡಿಬಿಡುತ್ತದೆ. ದುಡ್ಡು ಕೊಡದೆ ಬಳಸಿದರೆ 400 ಫೋಟೋ ಮಿತಿ ಇದೆ. ಬರೀ ಜೋಡಿಸುವ ಕೆಲಸಕ್ಕೆ ಡಾವಿಂಚಿ ರಿಸಾಲ್ವ್ ಉಚಿತ ಆವೃತ್ತಿ ಸಾಕು. ಸೂರ್ಯ ಮುಳುಗಿದ ಮೇಲೆ ಬೆಳಕು ಬೇಗ ಬೇಗ ಇಳಿಯುತ್ತದೆ, ಆಗ ಫೋನ್ ನೋಡುತ್ತಾ ಕೂರಬೇಡಿ.

ಹಳೇ_ಸ್ಟುಡಿಯೋ
ಕ್ಯಾಮೆರಾ ಮುಟ್ಟಿದರೆ ಅಲುಗಾಡುತ್ತೆ.

ಸೂಳೆಕೆರೆ_ಹಕ್ಕಿ
ಮದುವೆ ಮನೆಯಲ್ಲಿ ಮುಟ್ಟಿದ ಹಾಗೆ ಮುಟ್ಟಿದರೆ ಅಲುಗಾಡುತ್ತೆ ಅಣ್ಣ. ಮೆಲ್ಲಗೆ ಮುಟ್ಟಬೇಕು.

ಭದ್ರಾ_ನಾಲೆ
ಚಳಿಗಾಲ ಬರಲಿ, ನಮ್ಮ ಕಡೆ ಬನ್ನಿ. ಭದ್ರಾ ನಾಲೆ ಕೆಳಗಿನ ಗದ್ದೆಗಳಲ್ಲಿ ಬೆಳಗಿನ ಮಂಜು ಹೊಗೆ ಹಾಕಿದ ಹಾಗೆ ಹರಿದಾಡುತ್ತದೆ. ಒಂದೇ ಎಚ್ಚರ: ಲೆನ್ಸಿನ ಮೇಲೆ ಇಬ್ಬನಿ ಕೂರುತ್ತದೆ. ಹೋದ ವರ್ಷ ನಾನು ಒಂದೂವರೆ ಗಂಟೆ ತೆಗೆದೆ. ಮೊದಲ ಇಪ್ಪತ್ತು ನಿಮಿಷ ಗದ್ದೆಯ ಮಂಜು, ಉಳಿದದ್ದೆಲ್ಲ ನನ್ನ ಲೆನ್ಸಿನ ಮಂಜು. ಎರಡಕ್ಕೂ ವ್ಯತ್ಯಾಸ ಗೊತ್ತಾಗದೆ ಫೇಸ್‌ಬುಕ್ಕಿನಲ್ಲಿ ಹಾಕಿದೆ, ಚೆನ್ನಾಗಿದೆ ಅಂದರು. ಈಗ ಲೆನ್ಸಿನ ಸುತ್ತ ಯುಎಸ್‌ಬಿಯಲ್ಲಿ ಬಿಸಿಯಾಗುವ ಪಟ್ಟಿ ಕಟ್ಟಿ ಪವರ್ ಬ್ಯಾಂಕಿಗೆ ಚುಚ್ಚುತ್ತೇನೆ.

ಮಂಡಕ್ಕಿ_ಮಿರ್ಚಿ
ದುರ್ಗದ ಹುಡುಗ ಫಿಲ್ಟರ್ ತರಲು ದಾವಣಗೆರೆಗೆ ಬಂದಾಗ ಬೆಣ್ಣೆ ದೋಸೆ ತಿನ್ನದೆ ಹೋಗಬಾರದು. ಎಲ್ಲಿ ತಿನ್ನಬೇಕು ಅಂತ ಹೇಳಲಾ?

ಕೋಟೆ_ಬಾಗಿಲು
ದುರ್ಗದಲ್ಲೂ ಬೆಣ್ಣೆ ದೋಸೆ ಚೆನ್ನಾಗಿಯೇ ಸಿಗುತ್ತದೆ.

ಮಂಡಕ್ಕಿ_ಮಿರ್ಚಿ
ಸಿಗುತ್ತದೆ. ಬೆಣ್ಣೆ ಇರುತ್ತದೆ, ದೋಸೆ ಇರುತ್ತದೆ. ಬೆಣ್ಣೆ ದೋಸೆ ಇರಲ್ಲ.

ನಿರ್ವಾಹಕ
ದೋಸೆ ಜಗಳಕ್ಕೆ ಬೇರೆ ಎಳೆ ಇದೆ, 14 ಪುಟ ಆಗಿದೆ. ಅಲ್ಲಿಗೆ ಹೋಗಿ.

ದುರ್ಗದ_ಗಾಳಿ | ಮುಂದಿನ ಭಾನುವಾರ, ರಾತ್ರಿ 10:05
ವರದಿ ಒಪ್ಪಿಸುತ್ತಿದ್ದೇನೆ.

ಶುಕ್ರವಾರ ದಾವಣಗೆರೆಗೆ ಹೋಗಿ ಅಣ್ಣನ ಹತ್ತಿರ ಫಿಲ್ಟರ್ ತಂದೆ. (ದೋಸೆ ತಿಂದೆ. ಎಲ್ಲಿ ಅಂತ ಹೇಳಲ್ಲ.) ಇವತ್ತು ಸಂಜೆ ಮೋಡ ಚೆನ್ನಾಗಿ ಕಟ್ಟಿತ್ತು. ಬದುವಿನ ಮೇಲೆ ಮೂರು ಚಪ್ಪಡಿ ಹಾಕಿ ಟ್ರೈಪಾಡ್ ಇಟ್ಟೆ, ಯೂರಿಯಾ ಚೀಲಕ್ಕೆ ಕಲ್ಲು ತುಂಬಿ ಕಟ್ಟಿದೆ. ಪಟ್ಟಿ ಬಿಚ್ಚಿದೆ, ಟೇಪ್ ಹಚ್ಚಿದೆ. ಎಫ್/3.5, ಐಎಸ್‌ಒ 100, 2 ಸೆಕೆಂಡ್, 4 ಸೆಕೆಂಡಿಗೊಂದು. 40 ನಿಮಿಷ, 600 ರಾ ಫೋಟೋ. 32 ಜಿಬಿ ಕಾರ್ಡಿನಲ್ಲಿ ಹತ್ತಿರ ಹತ್ತಿರ ಅರ್ಧ ತುಂಬಿತು. ಬ್ಯಾಟರಿ ಕೊನೆಗೆ ಕೆಂಪು ಮಿಣುಕುತ್ತಿತ್ತು, ಆದರೆ ನಡುವೆ ಕೈ ಕೊಡಲಿಲ್ಲ.

24 ಸೆಕೆಂಡಿನ ವಿಡಿಯೋ. ಮಿಣಮಿಣ ಇಲ್ಲ! ಗುಡ್ಡ ಅಲುಗಾಡಿಲ್ಲ! ಎಲ್ಲಕ್ಕೂ ಸ್ವಲ್ಪ ಕಂದು ಬಣ್ಣ ಬಂದಿತ್ತು. ರಾ ಇದ್ದದ್ದರಿಂದ ಒಂದು ಫೋಟೋದಲ್ಲಿ ಸರಿಪಡಿಸಿ ಅದನ್ನೇ 600ಕ್ಕೂ ಹಚ್ಚಿದೆ. ಮೋಡ ರೇಷ್ಮೆ ಎಳೆದ ಹಾಗೆ ಹೋಗುತ್ತಿದೆ.

ಎರಡು ವಿಷಯ. ಮೊದಲನೆಯದು, 410ನೇ ಫೋಟೋದ ಹತ್ತಿರ ಮಾವ ಬಂದು ಇದು ನಡೀತಾ ಇದೆಯೋ ಇಲ್ಲವೋ ಅಂತ ಲೆನ್ಸಿಗೆ ಮುಖ ಕೊಟ್ಟು ನೋಡಿದ್ದಾರೆ. ಆರು ಫೋಟೋ ಹಾಳು. ವಿಡಿಯೋದಲ್ಲಿ ಕಾಲು ಸೆಕೆಂಡ್ ಬರೀ ಮೂಗು.

ಎರಡನೆಯದು, ಫ್ಯಾನುಗಳು ಮೇಷ್ಟ್ರು ಹೇಳಿದ ಹಾಗೇ ತೆಳು ತಟ್ಟೆಯಾಗಿವೆ. ಎಷ್ಟು ತೆಳು ಅಂದರೆ ದೂರದವು ಕಾಣುವುದೇ ಇಲ್ಲ, ಬರೀ ಕಂಬ ನಿಂತಿದೆ. ಮಾವನಿಗೆ ತೋರಿಸಿದೆ. "ರೆಕ್ಕೆ ಎಲ್ಲಿ ಹೋದವು? ಮೊದಲಿನದೇ ಚೆನ್ನಾಗಿತ್ತು" ಅಂದರು. ಆ ಉಲ್ಟಾ ತಿರುಗುವ ವಿಡಿಯೋವನ್ನೇ ಕಳಿಸಿಕೊಂಡು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ್ದಾರೆ. ನನ್ನದಕ್ಕಿಂತ ಜಾಸ್ತಿ ಜನ ಅದನ್ನೇ ನೋಡಿದ್ದಾರೆ.

ಲೆಕ್ಕದ_ಮೇಷ್ಟ್ರು
ಶಟರ್ 2ರ ಬದಲು ಅರ್ಧ ಸೆಕೆಂಡಿಗೆ ಇಟ್ಟು ನೋಡು, ರೆಕ್ಕೆ ಬೀಸಣಿಗೆಯ ಹಾಗೆ ಅರ್ಧ ಸವರಿ ಕಾಣಬಹುದು. ಹಿಂದಕ್ಕೆ ತಿರುಗುವುದು ಸ್ವಲ್ಪ ಉಳಿಯುತ್ತದೆ. ಮಾವನಿಗೂ ಖುಷಿ, ನಿನಗೂ ಖುಷಿ.

ಹಳೇ_ಸ್ಟುಡಿಯೋ
ಅರ್ಧ ಸೆಕೆಂಡ್ ಅಂದರೆ ಎನ್‌ಡಿ 64 ಹಾಕಿದರೆ ಎಫ್/7 ಹತ್ತಿರ ಬಂತು. ನಾನು ಮೊದಲೇ ಹೇಳಿದ್ದೆ.

ಸೂಳೆಕೆರೆ_ಹಕ್ಕಿ
ಮತ್ತೆ ಶುರು ಮಾಡಬೇಡಿ ಅಣ್ಣ. ಎನ್‌ಡಿ 1000 ತೆಗೆದು ಎನ್‌ಡಿ 256 ಹಾಕಿದರೂ ಅರ್ಧ ಸೆಕೆಂಡ್ ಬರುತ್ತದೆ, ಎಫ್/3.5ರಲ್ಲೇ.

ಹಳೇ_ಸ್ಟುಡಿಯೋ
ಅದು ನನ್ನ ಹತ್ತಿರ ಇಲ್ಲ. 1000ದ್ದು ಯಾವಾಗ ವಾಪಸ್ ಬರುತ್ತೆ ತಮ್ಮಾ?

ಮಂಡಕ್ಕಿ_ಮಿರ್ಚಿ
ಆ ಮೂಗಿನ ಕಾಲು ಸೆಕೆಂಡನ್ನು ಕತ್ತರಿಸಬೇಡಿ.